ಲೈಬ್ರರಿಯ ಗೋಡೆ ಬಾಯಿ ಬಿಟ್ಟಾಗ

ಸಂಜೆಯೊಳಗೆ ಎಕನಾಮಿಕ್ಸಿನ ಮೊದಲನೇ ಚಾಪ್ಟರನ್ನು ಅರೆದು ಕುಡಿದೇ ಮನೆಗೆ ಬರುವವಳು ನಾನು! ಹೀಗೆಂದು ಬೆಳಿಗ್ಗೆ ಊಟದ ಟೇಬಲ್ಲಿನೆದುರು ಚಮಚವನ್ನು ಖಡ್ಗದಂತೆ ಎತ್ತಿ ಹಿಡಿದು ಘೋಷಿಸಿದೆ.

ಕಾರಣ, ಮಹಡಿಯ ಮೇಲಿನ ಪುಟ್ಟ ರೂಮು. ಅಪ್ಪ ಅಮ್ಮ ಅದರ ಹಳೇ ಸಾಮಾನೆಲ್ಲ ಹೊರಗೆಸೆದು, ಸುಣ್ಣ ಬಳಿದು, ಬಾಗಿಲಿಗೆ ಹೊಸ ಬೀಗ ಹಾಕಿಸಿದ್ದರು. ಕೆಳಗಡೆ ಓದುವುದೆಂದರೆ ರಣರಂಗದಲ್ಲಿ ಧ್ಯಾನ ಮಾಡಿದ ಹಾಗೆ. ಅಪ್ಪನ ಫೋನು ಸದಾ ಸ್ಪೀಕರಿನಲ್ಲಿ. ಅಮ್ಮನ ಮಿಕ್ಸಿಗೆ ಹೆಲಿಕಾಪ್ಟರ್ ಆಗುವ ಆಸೆ.

"ರೂಮ್ ಕೊಟ್ರೆ ಓದ್ತೀನಿ," ಎಂದೆ.

"ಓದಿದ್ರೆ ರೂಮ್ ಕೊಡ್ತೀನಿ," ಎಂದಳು ಅಮ್ಮ. "ಹೊಸ ಲೈಬ್ರರಿ ಓಪನ್ ಆಗಿದೆಯಲ್ಲ, ಅಲ್ಲಿ ಸೂಜಿ ಬಿದ್ರೂ ಕೇಳ್ಸುತ್ತಂತೆ. ಹೋಗಿ ಒಂದೇ ಒಂದು ಚಾಪ್ಟರ್ ಓದ್ಕೊಂಡು ಬಾ. ನಂಗೆ ಅರ್ಥ ಆಗೋ ಹಾಗೆ ಹೇಳು. ಚಾಪ್ಟರ್ ಓದಿದವರಿಗೆ ರೂಮು. ಸರಿನಾ?"

"ಡನ್! ಬೀಗದ ಕೈ ರೆಡಿ ಇಟ್ಕೊಂಡಿರು!"

ಬ್ಯಾಗು ಬೆನ್ನಿಗೇರಿಸಿ ಹೊರಟೇಬಿಟ್ಟೆ.

ಅಬ್ಬಾ, ಆ ಲೈಬ್ರರಿ! ಅದು ಕಟ್ಟಡವೋ, ಕೆಳಗಿಳಿದ ವಿಮಾನವೋ! ಗಾಜಿನ ಬಾಗಿಲನ್ನು ನಾನು ಜೋರಾಗಿ ತಳ್ಳಲು ಹೋದರೆ ಅದು ತಾನೇ ತೆರೆದುಕೊಂಡಿತು, ತಳ್ಳಿದ ರಭಸಕ್ಕೆ ನಾನೇ ಒಳಗೆ ಹಾರಿ ಬಿದ್ದೆ. ಹೊಸ ಬಣ್ಣದ ವಾಸನೆ, ಹೊಸ ಕಾಗದದ ವಾಸನೆ. ಕೆಲವು ಕುರ್ಚಿಗಳ ಪ್ಲಾಸ್ಟಿಕ್ಕನ್ನು ಇನ್ನೂ ಬಿಚ್ಚಿರಲಿಲ್ಲ. ವಾಪಸ್ ಕೊಟ್ಟ ಪುಸ್ತಕವನ್ನು ಗೋಡೆಯ ಕಿಂಡಿಯೊಂದು ಗುಳುಂ ಎಂದು ನುಂಗಿ, ಚಲಿಸುವ ಬೆಲ್ಟಿನ ಮೇಲೆ ಮೆರವಣಿಗೆ ಕಳಿಸುತ್ತಿತ್ತು! ಚಕ್ರ ತಿರುಗಿಸಿದರೆ ಪುಸ್ತಕದ ಕಪಾಟುಗಳೇ ಸರಿದು ದಾರಿ ಬಿಡುತ್ತಿದ್ದವು. ನಾನು ದಾರಿ ಬಿಡಿಸಿದೆ, ಮುಚ್ಚಿಸಿದೆ, ಮತ್ತೆ ಬಿಡಿಸಿದೆ.

"ಒಳಗಡೆ ನಾನಿದೀನಮ್ಮಾ!" ಎಂದು ಕಪಾಟುಗಳ ನಡುವಿನಿಂದ ಒಂದು ದನಿ ಕೂಗಿತು. ಅಲ್ಲಿಂದ ಮಾಯವಾದೆ.

ಎರಡನೇ ಮಹಡಿಯಲ್ಲಿ ಬುಗುರಿಯಾಕಾರದ ಕುರ್ಚಿ! ಕೂತರೆ ತಾನೇ ತಿರುಗುತ್ತದೆ. ಒಂದು ಸುತ್ತು ತಿರುಗಿ ಓದೋಣವೆಂದು ಕೂತೆ. ಲೈಬ್ರರಿಯನ್ ಮೇಡಂ ಬಂದು ಕುರ್ಚಿ ಹಿಡಿದು ನಿಲ್ಲಿಸುವವರೆಗೂ ತಿರುಗಿದೆ.

"ಓದಕ್ಕೆ ಬಂದಿದ್ದಾ?"

"ಹೌದು ಮೇಡಂ, ಶುರು ಮಾಡೋದ್ರಲ್ಲಿದ್ದೆ!"

ಲಿಫ್ಟಿನಲ್ಲಿ ಸುಮ್ಮನೆ ಮೇಲೆ ಕೆಳಗೆ ಓಡಾಡಿ, ಎಲ್ಲ ಕಿಟಕಿಗಳ ಮುಂದೂ ಸೆಲ್ಫಿ ತೆಗೆದು, ಕೊನೆಗೆ ಮೇಲಿನ ಮಹಡಿಯ ದುಂಡು ಹಾಲ್ ತಲುಪುವಷ್ಟರಲ್ಲಿ ಹೊರಗೆ ಬಿಸಿಲು ಬಾಡಿತ್ತು. ಬ್ಯಾಗಿನ ಜಿಪ್ಪು ಮಾತ್ರ ಬೆಳಿಗ್ಗೆ ಹಾಕಿದ್ದು ಹಾಕಿದ ಹಾಗೇ ಇತ್ತು!

ಗೋಡೆಗೆ ಒರಗಿ ಕೂತು ಗೆಳತಿಗೆ ಫೋನು ಮಾಡಿದೆ. ಲೈಬ್ರರಿಯಲ್ಲವೇ, ಪಿಸುಮಾತಿನಲ್ಲೇ.

"ಲೇ, ಒಂದಕ್ಷರ ಓದಿಲ್ಲ ಕಣೇ! ಪರ್ವಾಗಿಲ್ಲ, ಅಮ್ಮನ ಮುಂದೆ ಡಿಮ್ಯಾಂಡು, ಸಪ್ಲೈ ಅಂತ ಕೈ ಆಡಿಸ್ಬಿಟ್ರೆ ಮುಗೀತು. ತಲೆ ಆಡಿಸ್ತಾಳೆ. ರೂಮು ನಂದು!"

ಫೋನು ಇಟ್ಟೆ. ಆಗ, ನನ್ನ ಕಿವಿಯ ಪಕ್ಕದಲ್ಲೇ, ಗೋಡೆ ಪಿಸುಗುಟ್ಟಿತು!

"ಡಿಮ್ಯಾಂಡ್ ಜಾಸ್ತಿ ಆದ್ರೆ ಬೆಲೆ ಏನಾಗುತ್ತೆ?"

ತಟ್ಟನೆ ತಿರುಗಿ ನೋಡಿದೆ. ಅಕ್ಕಪಕ್ಕ ಯಾರೂ ಇಲ್ಲ. ಗೋಡೆಗೆ ಕಿವಿ ಇರುತ್ತದೆಂದು ಕೇಳಿದ್ದೆ, ಬಾಯಿಯೂ ಇರುತ್ತದೆಂದು ಯಾರು ಹೇಳಿದ್ದರು? ಮರುಕ್ಷಣ ಹೊಳೆಯಿತು. ಪುಸ್ತಕ ನುಂಗುವ ಕಿಂಡಿ, ತಾನೇ ತೆರೆಯುವ ಬಾಗಿಲು... ಇದು ಸ್ಮಾರ್ಟ್ ಗೋಡೆ!

"ಹಾಯ್! ನೀವು ಎಐ ತಾನೇ?"

ಗೋಡೆ ಸ್ವಲ್ಪ ಯೋಚಿಸಿತು. "ಹಾಗೇ ಅಂದ್ಕೋ."

"ಸೂಪರ್! ಫಸ್ಟ್ ಚಾಪ್ಟರ್ ನಾಲ್ಕೇ ಲೈನಲ್ಲಿ ಹೇಳ್ಬಿಡಿ, ಪ್ಲೀಸ್. ಅಮ್ಮಂಗೆ ಒಪ್ಪಿಸ್ಬೇಕು."

"ನೀನೇ ಓದ್ಬಹುದಿತ್ತಲ್ಲ?"

"ಓದ್ತಿದ್ದೆ. ಕುರ್ಚಿ ಬಿಡ್ಲಿಲ್ಲ."

"ಅಮ್ಮಂಗೆ ಗೊತ್ತಾದ್ರೆ?"

"ನಮ್ಮಮ್ಮಂಗಾ!" ನಗು ತಡೆಯಲಾಗಲಿಲ್ಲ. "ಪಾಪ, ಅವಳಿಗೇನೂ ಗೊತ್ತಾಗಲ್ಲ. ಫ್ರಿಜ್ಜಲ್ಲಿ ಬಚ್ಚಿಟ್ಟಿರೋ ಚಾಕಲೇಟ್ ನಾನು ತಿಂದ್ರೆ ಇವತ್ತಿಗೂ ಅಪ್ಪನ್ನೇ ಬಯ್ತಾಳೆ!"

ಗೋಡೆ ತಣ್ಣಗೆ ನುಡಿಯಿತು:

"ಅಯ್ಯೋ ಪಾಪಿ! ಶುಗರ್ ಇಟ್ಕೊಂಡು ಕದ್ದು ತಿಂತಾರೆ ಅಂತ ಆ ಮನುಷ್ಯನ ಜೊತೆ ಮಾತೇ ಬಿಟ್ಟಿದ್ನಲ್ಲೇ!"

ಮೆಲ್ಲಗೆ ತಲೆ ಎತ್ತಿದೆ. ಹಾಲಿನ ಆಚೆ ತುದಿಯಲ್ಲಿ, ಎದುರು ಗೋಡೆಗೆ ಒರಗಿ, ನಮ್ಮ ಮನೆಯ ಹಸಿರು ಕೊಡೆ ಮಡಿಲಲ್ಲಿಟ್ಟುಕೊಂಡು, ಮೂಗಿನ ತುದಿಗೆ ಕನ್ನಡಕ ಜಾರಿಸಿ ಕೂತಿದ್ದಳು ಅಮ್ಮ! ಕೈಯಲ್ಲಿ ನನ್ನ ಎಕನಾಮಿಕ್ಸ್ ಪುಸ್ತಕ!

ಬ್ಯಾಗಿನ ಜಿಪ್ಪು ಎಳೆದೆ. ಚಾರ್ಜರ್, ಕನ್ನಡಿ, ಬಾಚಣಿಗೆ. ಪುಸ್ತಕ ಬಂದೇ ಇರಲಿಲ್ಲ!

ಅಷ್ಟರಲ್ಲಿ ಅದೇ ಲೈಬ್ರರಿಯನ್ ಮೇಡಂ ಓಡಿ ಬಂದರು. "ಇದು ದುಂಡು ಗೋಡೆ ಕಣಮ್ಮಾ! ಇಲ್ಲಿ ಪಿಸುಗುಟ್ಟಿದ್ರೆ ಗೋಡೆಗುಂಟ ಹೋಗಿ ಆ ಕಡೆಯವರಿಗೆ ಕೇಳ್ಸುತ್ತೆ. ಬೋರ್ಡ್ ನಾಳೆ ಹಾಕ್ತೀವಿ."

ನಾಳೆ! ನನ್ನ ಮಾನ ಇವತ್ತೇ ಹೋಗಬೇಕೇ?

ಅಮ್ಮನ ಬಳಿಗೆ ಕಾಲೆಳೆದುಕೊಂಡು ಹೋದೆ.

"ನೀನು ಪುಸ್ತಕ ಟೇಬಲ್ ಮೇಲೇ ಬಿಟ್ಟು ಬಂದಿದ್ದೀಯ. ಮಗು ಪುಸ್ತಕ ಇಲ್ದೆ ಒದ್ದಾಡ್ತಿರುತ್ತೆ ಅಂತ ಓಡಿ ಬಂದೆ," ಎಂದಳು ಅಮ್ಮ. "ಎಲ್ಲಾ ಮಹಡೀನೂ ಹುಡುಕ್ದೆ. ನೀನು ಲಿಫ್ಟಲ್ಲಿ ಮೇಲೆ ಹೋದ್ರೆ ನಾನು ಮೆಟ್ಲಲ್ಲಿ ಕೆಳಗೆ. ಕಾಲು ನೋವು ಬಂತು, ಇಲ್ಲಿ ಕೂತೆ. ಸುಮ್ನೆ ಯಾಕೆ ಕೂರೋದು ಅಂತ ಪುಸ್ತಕ ತೆಗ್ದೆ. ಎಷ್ಟು ಚೆನ್ನಾಗಿದೆಯೇ! ಫಸ್ಟ್ ಚಾಪ್ಟರ್ ಪೂರ್ತಿ ಮುಗೀತು."

"ಅಮ್ಮಾ... ರೂಮು?"

"ಷರತ್ತು ಏನು? ಚಾಪ್ಟರ್ ಓದಿದವರಿಗೆ ರೂಮು!"

ಅಪ್ಪನಿಗೆ ಈಗ ಕ್ಷಮಾಪಣೆಯ ಜೊತೆ ಸಕ್ಕರೆಯಿಲ್ಲದ ಬಿಸ್ಕತ್ತು ಸಿಗುತ್ತಿದೆ. ಅಮ್ಮ ಲೈಬ್ರರಿಯ ಮೆಂಬರಾಗಿ, ದಿನಾ ಸಂಜೆ ಮಹಡಿಯ ರೂಮಿನ ಬಾಗಿಲು ಹಾಕಿಕೊಂಡು ಓದುತ್ತಾಳೆ. ಅಡುಗೆಮನೆ ನನ್ನ ಪಾಲಿಗೆ ಬಂದಿದೆ. ನಿನ್ನೆ ಮಿಕ್ಸಿ ತಿರುಗಿಸಿದ್ದೇ ತಡ, ಮೇಲಿಂದ ಅಮ್ಮನ ದನಿ:

"ಶ್ಶ್! ಈ ಮನೇಲಿ ಒಬ್ಬರು ಓದೋ ಹಾಗಿಲ್ವಾ?"