ನನ್ನ ವಾದಕ್ಕೆ ಅವರ ಸ್ತೋತ್ರ

ವಾದದಲ್ಲಿ ಸೋಲುವುದು ದೊಡ್ಡ ಅವಮಾನವೇನಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನೂ ಆಗಾಗ ಸೋತು, ತೀರ್ಪುಗಾರರ ಕಿವಿಯೇ ಸರಿಯಿಲ್ಲವೆಂದು ಸಮಾಧಾನಪಟ್ಟುಕೊಂಡಿದ್ದೇನೆ. ಆದರೆ ನಮ್ಮ ವಾದ ಕೇಳಿ ಎದುರುಪಕ್ಷದವರೇ ಹಿಗ್ಗಿ, ನಮ್ಮನ್ನು ತಮ್ಮವರೆಂದು ಅಪ್ಪಿಕೊಳ್ಳುವುದಿದೆಯಲ್ಲ, ಅದಕ್ಕೆ ಯಾವ ಮೇಲ್ಮನವಿಯೂ ಇಲ್ಲ. ಅಂಥ ಅನ್ಯಾಯ ನನಗೆ ದೇವನಹಳ್ಳಿಯ ನಮ್ಮದೇ ಸಭೆಯಲ್ಲಿ, ಅಮ್ಮನ ಕಣ್ಣೆದುರಿಗೇ ಆಯಿತು.

ನಮ್ಮದು ಕ್ರೈಸ್ತ ಮನೆ. ನಂಬುವ ಕೆಲಸವೆಲ್ಲ ಅಮ್ಮನದು, ಪ್ರಶ್ನೆ ಕೇಳುವ ಕೆಲಸ ನನ್ನದು. ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಸೂಟ್‌ಕೇಸ್ ತೂಗಿ ಚೀಟಿ ಅಂಟಿಸುವ ಕೌಂಟರಿನಲ್ಲಿ ನನಗೆ ಕೆಲಸ ಸಿಕ್ಕಿತು. ಸಂದರ್ಶನದಲ್ಲಿ ನಾನು ಚೆನ್ನಾಗಿ ಮಾತಾಡಿದ್ದರಿಂದ ಸಿಕ್ಕಿತೆಂದು ನಾನು. ಹೊರಗೆ ಬಸ್ ಸ್ಟಾಪಿನಲ್ಲಿ ಕೂತು ತಾನು ಪ್ರಾರ್ಥಿಸಿದ್ದರಿಂದ ಎಂದು ಅಮ್ಮ. ನನ್ನ ವಾರದ ರಜೆ ಭಾನುವಾರವೇ ಬಿದ್ದದ್ದನ್ನೂ ಅವಳು ದೇವರ ಖಾತೆಗೇ ಜಮಾ ಮಾಡಿದಳು.

ನಮ್ಮ ಚರ್ಚಿನ ಸಭೆಯಲ್ಲೊಂದು ಪದ್ಧತಿಯಿದೆ. ಒಳ್ಳೆಯದಾದವರು ಆರಾಧನೆಯ ನಡುವೆ ಎದ್ದು ನಿಂತು, ದೇವರು ನನಗೆ ಇಂಥದ್ದು ಮಾಡಿದ ಎಂದು ಸಾಕ್ಷಿ ಹೇಳಬೇಕು. ಹಿಂದೆಲ್ಲ ಜ್ವರ ಬಿಟ್ಟದ್ದು, ಹಸು ಈದದ್ದು ಸಾಕ್ಷಿಗೆ ಬರುತ್ತಿದ್ದವಂತೆ. ವಿಮಾನಗಳು ಬಂದ ಮೇಲೆ ದ್ರಾಕ್ಷಿ ತೋಟ ಒಳ್ಳೆ ಬೆಲೆಗೆ ಹೋದದ್ದು ಒಬ್ಬರ ಸಾಕ್ಷಿ. ಹೋಗದೆ ಉಳಿದದ್ದು ಇನ್ನೊಬ್ಬರ ಸಾಕ್ಷಿ. ಹಾಗಾದರೆ ದೇವರು ಯಾವ ಪಕ್ಷ ಎಂದು ಕೇಳಿದ್ದಕ್ಕೆ ಅಮ್ಮ ನನಗೆ ಸೌಟು ತೋರಿಸಿದ್ದಳು.

"ಈ ಭಾನ್ವಾರ ನೀನು ಸಾಕ್ಷಿ ಹೇಳ್ಬೇಕು ಕಣೇ. ದೇವ್ರಿಗೆ ಮಾತು ಕೊಟ್ಬಿಟ್ಟಿದ್ದೀನಿ."

"ಮಾತು ಕೊಟ್ಟೋಳು ನೀನು, ಬಾಯಿ ಮಾತ್ರ ನಂದಾ?"

"ಆ ಬಾಯಿ ಕೊಟ್ಟೋಳೂ ನಾನೇ."

ಇಂಥ ಪಾಯಿಂಟಿಗೆ ಯಾವ ಕಾಲೇಜಿನಲ್ಲೂ ಉತ್ತರ ಹೇಳಿಕೊಟ್ಟಿಲ್ಲ. ಕೊನೆಗೆ ಅಮ್ಮನೇ ಒಂದು ಒಪ್ಪಂದಕ್ಕೆ ಬಂದಳು. "ಒಂದ್ಸಲ ಹೇಳ್ಬಿಡು. ಆಮೇಲೆ ಆರಾಧನೆಗೆ ಬಾ ಅಂತ ನಾನು ಯಾವತ್ತೂ ಕರೆಯಲ್ಲ."

"ನಂಗೆ ನಿಜ ಅನ್ಸಿದ್ದೇ ಹೇಳ್ತೀನಿ."

"ಹೇಳು. ಸುಳ್ಳು ಹೇಳು ಅಂತ ನಾನ್ಯಾವತ್ತು ಅಂದಿದ್ದೀನಿ?"

ಬದುಕಿನುದ್ದದ ಭಾನುವಾರಗಳು ನನ್ನವಾಗುವ ಅವಕಾಶ! ಮತ್ತೆ ಯಾರೂ ನನ್ನ ತಂಟೆಗೆ ಬರದಂತೆ ಮಾತಾಡಿಬಿಡಬೇಕೆಂದು ಸಿದ್ಧಳಾದೆ. ಚರ್ಚಾಪಟುಗಳಿಗೆ ಒಂದು ನಿಯಮವಿದೆ: ಗಟ್ಟಿ ಮಾತೊಂದನ್ನು ಹೇಳಿ ನಿಲ್ಲಿಸಬೇಕು, ಉಳಿದ ಕೆಲಸವನ್ನು ಮೌನ ಮಾಡುತ್ತದೆ. ನಾನು ಮರೆತದ್ದೇನೆಂದರೆ, ನಮ್ಮ ಸಭೆಯಲ್ಲಿ ಸಾಕ್ಷಿ ಹೇಳುವವರು ಉಸಿರೆಳೆಯಲು ನಿಲ್ಲಿಸಿದರೂ ಸಾಕು, ಹುರಿದುಂಬಿಸಲೆಂದು ಎಲ್ಲರೂ "ಸ್ತೋತ್ರ!" ಎನ್ನುತ್ತಾರೆ. ಮುಂದಿನ ಸಾಲಿನ ರೂತಮ್ಮ ಆಂಟಿಯದು ಎಲ್ಲರಿಗಿಂತ ದೊಡ್ಡ ಗಂಟಲು.

"ಸಂದರ್ಶನದ ದಿನ ನಾನು ಪ್ರಾರ್ಥನೆ ಮಾಡಲಿಲ್ಲ," ಎಂದು ನಿಲ್ಲಿಸಿದೆ.

"ಸ್ತೋತ್ರ!"

"ನನಗೆ ನಂಬಿಕೆಯೇ ಇರಲಿಲ್ಲ."

"ಸ್ತೋತ್ರ!" ಈ ಸಲ ತಗಡಿನ ಚಾವಣಿಯೇ ಅದುರಿತು.

"ಈಗಲೂ ಇಲ್ಲ."

ರೂತಮ್ಮ ಆಂಟಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಎಷ್ಟು ತಗ್ಗಿದ ಮನಸ್ಸಮ್ಮ ಈ ಮಗೀಂದು! ಸ್ತೋತ್ರ!"

ನನಗೆ ರೇಗಿತು. ಕಡೆಯ ಅಸ್ತ್ರ ತೆಗೆದೆ. "ಒಳಗೆ ಮಾತಾಡಿದವಳು ನಾನು. ಅಮ್ಮ ಸುಮ್ಮನೆ ಹೊರಗೆ, ಬಿಸಿಲಲ್ಲಿ, ಊಟ ಕೂಡ ಮಾಡದೆ..." ಈ ನಿಲುಗಡೆ ನಾನು ಅಭ್ಯಾಸ ಮಾಡಿದ್ದಲ್ಲ. ಆಶ್ಚರ್ಯವೆಂದರೆ, ಆಗ ಮಾತ್ರ ಒಬ್ಬರೂ ಬಾಯಿ ಬಿಡಲಿಲ್ಲ. ಬೇಕಾದಾಗ ಸಿಗದ ಮೌನ ಬೇಡದಾಗ ಸಿಕ್ಕಿತು. ನಾನು ಕೂತೆ. ಇಷ್ಟು ಪ್ರಾಮಾಣಿಕ ಸಾಕ್ಷಿ ಕೇಳಿ ಬಹಳ ಕಾಲವಾಯಿತೆಂದು ಸಭೆ ನಡೆಸುವ ಅಯ್ಯನವರು ಹೊಗಳಿ, ಪಕ್ಕದ ಆವತಿಯ ಮನೆಯೊಂದರಲ್ಲಿ ನಡೆಯುವ ಪ್ರಾರ್ಥನಾಕೂಟದಲ್ಲೂ ನಾನೇ ಮಾತಾಡಬೇಕೆಂದು ಪ್ರಕಟಿಸಿಬಿಟ್ಟರು.

"ಅವರ್ಗೆ ನಾನು ಹೇಳಿದ್ದು ಅರ್ಥವೇ ಆಗ್ಲಿಲ್ಲಮ್ಮಾ," ಎಂದೆ, ದಾರಿಯಲ್ಲಿ.

"ನಂಗಾಯ್ತು ಬಿಡು. ಇನ್ಮೇಲೆ ಕರೆಯಲ್ಲ."

ಅಮ್ಮ ಮಾತಿಗೆ ತಪ್ಪಲಿಲ್ಲ. ಮುಂದಿನ ಭಾನುವಾರ ನನ್ನನ್ನು ಎಬ್ಬಿಸದೆ, ಬೈಬಲನ್ನು ವೈರ್ ಬ್ಯಾಗಿಗೆ ಹಾಕಿಕೊಂಡು ಒಬ್ಬಳೇ ಹೊರಟಳು. ನಾನು ಗೆದ್ದವಳಂತೆ ಹೊದ್ದು ಮಲಗಿದೆ. ಆದರೆ ನಿದ್ದೆ ಎಲ್ಲಿಂದ ಬರಬೇಕು? ಅಲ್ಲಿ ಅವರೆಲ್ಲ ನನ್ನನ್ನು ತಗ್ಗಿದ ಮನಸ್ಸಿನ ಭಕ್ತೆಯೆಂದು ನಂಬಿ ಕೂತಿದ್ದಾರೆ! ಇಂಥ ಆರೋಪವನ್ನು ಖಂಡಿಸದೆ ಬಿಟ್ಟರೆ ಒಪ್ಪಿಕೊಂಡಂತೆಯೇ. ಎದ್ದು, ಮುಖ ತೊಳೆದು, ಓಡಿದೆ.

"ಬಂದ್ಯಾ?" ಎಂದು ಅಮ್ಮ ಪಿಸುಗುಟ್ಟಿ ಜಾಗ ಬಿಟ್ಟಳು.

"ಪ್ರಾರ್ಥನೆಗಲ್ಲ. ತಿದ್ದುಪಡಿ ಹೇಳೋಕೆ."

"ಆಯ್ತು, ಕೂತ್ಕೊ."

ಅಂದಿನಿಂದ ಪ್ರತಿ ಭಾನುವಾರ ತಿದ್ದುಪಡಿಗಾಗಿಯೇ ಹೋಗುತ್ತಿದ್ದೇನೆ. ನನ್ನ ನಿಲುವು ಕೂದಲೆಳೆಯಷ್ಟೂ ಬದಲಾಗಿಲ್ಲ, ಯಾರು ಬೇಕಾದರೂ ಬಂದು ವಾದಿಸಲಿ. ಅಯ್ಯನವರು ಬೋಧನೆಯನ್ನು ಎಳೆಯುವುದರಿಂದ ನನಗಿನ್ನೂ ಸರದಿ ಸಿಕ್ಕಿಲ್ಲ, ಅಷ್ಟೆ. ಕಾಯುತ್ತ ಸುಮ್ಮನೆ ಕೂರಲಾಗದೆ ಕೀರ್ತನೆಗಳಿಗೆ ದನಿಗೂಡಿಸುತ್ತೇನೆ. ಅದೂ ಭಕ್ತಿಯಿಂದಲ್ಲ, ರೂತಮ್ಮ ಆಂಟಿ ರಾಗ ತಪ್ಪುತ್ತಾರೆ, ಯಾರಾದರೂ ಸರಿಪಡಿಸಬೇಕಲ್ಲ.