ಬಿಡುವ ಮುನ್ನ ಸೇದತಕ್ಕದ್ದು

ಗುಬ್ಬಿ ತಾಲ್ಲೂಕಿನ ಯುವಕರು ಸಿಗರೇಟು ಬಿಡುವುದಾದರೆ ನಮ್ಮ ಶುದ್ಧಶ್ವಾಸ ಅಭಿಯಾನದ ಮೂಲಕವೇ ಬಿಡತಕ್ಕದ್ದು. ತಮ್ಮಷ್ಟಕ್ಕೆ ತಾವೇ ಬಿಟ್ಟವರನ್ನು ಬಿಟ್ಟವರೆಂದು ಪರಿಗಣಿಸಲಾಗುವುದಿಲ್ಲ. ಅಭಿಯಾನದ ಕಾರ್ಯದರ್ಶಿಯಾಗಿ ಈ ನಿಯಮ ಬರೆದವನು ನಾನೇ. ಈಗಲೂ ಅದರ ಬಗ್ಗೆ ನನಗೆ ಹೆಮ್ಮೆಯಿದೆ.

ಅಭಿಯಾನದ ವಾರ್ಷಿಕ ಮೌಲ್ಯಮಾಪನದ ದಿನ ನಮ್ಮ ಕಚೇರಿಗೆ ತಾರಿಖ್ ಎಂಬ ಹುಡುಗ ಬಂದ. ಬಸ್ ಸ್ಟ್ಯಾಂಡಿನ ಪಕ್ಕ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವವನು. ಬಟ್ಟೆ ವ್ಯಾಪಾರಿ ಅಹಮದ್ ಪಾಷಾ ಅವರ ಮಗಳು ಮಾಹಿರಾಳಿಗೂ ಇವನಿಗೂ ಮದುವೆ ಮಾತಾಗಿತ್ತು. ಪಾಷಾ ತಮ್ಮ ಸ್ವಂತ ಅಣ್ಣನನ್ನು ಬೀಡಿಯಿಂದ ಕಳೆದುಕೊಂಡವರು. "ಬಾಯಿಮಾತು ಬೇಡ. ಬಿಟ್ಟಿದೀನಿ ಅಂತ ಸೀಲ್ ಹಾಕಿರೋ ಸರ್ಟಿಫಿಕೇಟ್ ತಗೊಂಬಾ, ಆಮೇಲೆ ನಿಕಾಹ್" ಅಂದಿದ್ದರಂತೆ.

"ಬಿಟ್ಟು ಒಂದು ವರ್ಷ ಆಯ್ತು ಸಾರ್," ಅಂದ ತಾರಿಖ್. "ಸೇದ್ಬೇಕು ಅನ್ಸಿದಾಗೆಲ್ಲ ಕೊಬ್ಬರಿ ಅಗೀತಿದ್ದೆ."

ಮೌಲ್ಯಮಾಪನಕ್ಕೆ ತುಮಕೂರಿನಿಂದ ಬಂದಿದ್ದ ಶಾಂತಲಾ ಮೇಡಂ ಅವನ ಬಾಯಿಗೆ ಯಂತ್ರವಿಟ್ಟು ಊದಿಸಿದರು. ಹೊಗೆಯ ಅಂಶ ಸೊನ್ನೆ ಬಂತು. ಮೇಡಂ ಮುಖ ಬಾಡಿತು.

"ಮೊದಲೇ ಸೊನ್ನೆ ಇದ್ರೆ ಇಳಿಕೆ ಎಲ್ಲಿಂದ ತೋರಿಸ್ಲಿ? ಅಭಿಯಾನದಿಂದ ನಿಮಗೆ ಯಾವ ಸುಧಾರಣೆನೂ ಆಗಿಲ್ಲ."

"ಸುಧಾರಿಸಿಕೊಂಡೇ ಬಂದಿದೀನಲ್ಲ ಮೇಡಂ."

"ಅದೇ ನೀವು ಮಾಡಿರೋ ತಪ್ಪು."

ನಮ್ಮ ಅಧ್ಯಕ್ಷ ಹನುಮಂತರಾಜು ದಾರಿ ಹುಡುಕುವುದರಲ್ಲಿ ಎತ್ತಿದ ಕೈ. "ಇಳೀಬೇಕು ಅಂದ್ರೆ ಮೊದ್ಲು ಹತ್ಬೇಕು ಕಣೋ. ಒಂದ್ ವಾರ ಸೇದ್ಬುಡು. ಆಮೇಲೆ ನಾವು ಬಿಡಿಸ್ತೀವಿ."

"ಬಿಡೋಕೆ ಎಷ್ಟು ಒದ್ದಾಡಿದೀನಿ ಗೊತ್ತಾ ಸಾರ್? ಮತ್ತೆ ಚಟ ಹತ್ಕೊಂಡ್ರೆ?"

"ಹತ್ಕೊಳ್ಳಿ ಬುಡು. ನಾವ್ ಇರೋದು ಯಾಕ್ಲಾ ಮತ್ತೆ?"

ಹುಡುಗ ಅಳುವಂತಾದ. ನನಗೂ ಪಾಪ ಅನ್ನಿಸಿತು, ಆದರೆ ವರದಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಅಷ್ಟರಲ್ಲಿ ಪಾಷಾ ಕುಣಿಗಲ್‌ನಲ್ಲಿ ಬೇರೆ ಗಂಡು ನೋಡುತ್ತಿದ್ದಾರೆಂಬ ಸುದ್ದಿ ಬಂತು. ತಾರಿಖ್ ಒಪ್ಪಿಕೊಂಡ. ಸಿಗರೇಟು ನಾವೇ ತರಿಸಿದೆವು, ಖರ್ಚನ್ನು ಜಾಗೃತಿ ಸಾಮಗ್ರಿಯ ಲೆಕ್ಕಕ್ಕೆ ಹಾಕಿದೆವು.

ಮೊದಲನೆಯದನ್ನು ಅವನು ಕೆಮ್ಮುತ್ತಾ ಸೇದಿದ. ವಾರದ ಕೊನೆಗೆ ತಾನೇ ಬಂದು ಕೇಳತೊಡಗಿದ. ಮೇಡಂ ಮತ್ತೆ ಊದಿಸಿದರು. ಯಂತ್ರದಲ್ಲಿ ಅಂಕಿ ಚೆನ್ನಾಗಿಯೇ ಏರಿತ್ತು, ಎಲ್ಲರಿಗೂ ಸಮಾಧಾನವಾಯಿತು. ಆಮೇಲೆ ಬಿಡಿಸುವ ಕಾರ್ಯಕ್ರಮ. ಹನುಮಂತರಾಜು ಧೂಮಪಾನದ ಕೆಡುಕುಗಳ ಬಗ್ಗೆ ಮನಮುಟ್ಟುವಂತೆ ಉಪದೇಶ ಮಾಡಿದರು. ಮಧ್ಯೆ ಅವರೂ ತಾರಿಖ್‌ನೂ ಎರಡು ಸಲ ಬೆಂಕಿಪೊಟ್ಟಣ ಹಿಡಿದು ಕಚೇರಿಯ ಹಿಂದೆ ಹೋಗಿ ಬಂದರು.

ಅಂತಿಮ ಪರೀಕ್ಷೆಯಲ್ಲಿ ಅಂಕಿ ಅರ್ಧಕ್ಕೆ ಇಳಿದಿತ್ತು.

"ಐವತ್ತು ಪರ್ಸೆಂಟ್ ಇಳಿಕೆ," ಅಂದರು ಮೇಡಂ. "ಇಡೀ ಜಿಲ್ಲೆಗೇ ಮಾದರಿ."

"ಮೇಡಂ, ನಾನಿನ್ನೂ ಸೇದ್ತಿದೀನಿ."

"ಅದು ಮುಂದಿನ ವರ್ಷದ ಮೌಲ್ಯಮಾಪನಕ್ಕೆ ಬರುತ್ತೆ."

ಸರ್ಟಿಫಿಕೇಟಿಗೆ ನಾನೇ ಸೀಲ್ ಒತ್ತಿದೆ. ನಿಕಾಹ್ ನಡೆಯಿತು, ನಾವೂ ಬಿರಿಯಾನಿ ಉಂಡೆವು. ಅಳಿಯನನ್ನು ತಬ್ಬಿಕೊಂಡ ಪಾಷಾ ಅವನ ಹೆಗಲು ಮೂಸಿದರು. ಮತ್ತೊಮ್ಮೆ ಮೂಸಿದರು. ಅವರ ಕಣ್ಣು ತುಂಬಿಬಂತು.

"ಮಾವಾ, ನಿಜ ಹೇಳ್ಬೇಕು ಅಂದ್ರೆ," ಅಂದ ತಾರಿಖ್, ತಲೆತಗ್ಗಿಸಿ.

"ಸುಮ್ನಿರಪ್ಪ. ಸೀಲ್ ಇದೆ. ನನ್ನ ಮೂಗೇ ಕೆಟ್ಟಿರ್ಬೇಕು, ನಾಳೆ ಡಾಕ್ಟರ್‌ಗೆ ತೋರಿಸ್ಕೋತೀನಿ."

ಈಗ ಪಾಷಾ ದಿನವೂ ಎರಡು ಹೊಳ್ಳೆಗೂ ಔಷಧಿ ಬಿಟ್ಟುಕೊಳ್ಳುತ್ತಿದ್ದಾರೆ. ಬಹಳ ಗುಣವಾಗಿದೆಯಂತೆ. ಅಳಿಯ ಪಕ್ಕದಲ್ಲೇ ಕೂತರೂ ಮೊದಲಿನಷ್ಟು ವಾಸನೆ ಬರುವುದಿಲ್ಲ ಅನ್ನುತ್ತಾರೆ.