ಆಕಾಶದಲ್ಲೇ ಹೊಡೆದರಂತೆ

ಕಟಿಂಗ್ ಶಾಪಿನ ಕುರ್ಚಿಯಲ್ಲಿ ಕೂತವರು ತಲೆ ಅಲ್ಲಾಡಿಸುವಂತಿಲ್ಲ. ಅದಕ್ಕೇ ಇರಬೇಕು, ಬಾಯಿ ಒಂದು ಗಳಿಗೆ ಸುಮ್ಮನಿರುವುದಿಲ್ಲ. ಹರಿಹರದಲ್ಲಿ ಅಣ್ಣನೂ ನಾನೂ ಅಕ್ಕಪಕ್ಕ ಎರಡು ಕುರ್ಚಿ ಹಾಕಿಕೊಂಡು ಇಷ್ಟು ವರ್ಷ ಕೆಲಸ ಮಾಡಿದ್ದೇವೆ, ನಗುವಂಥದ್ದು ಏನಾದರೊಂದು ನಡೆಯದ ವಾರವಿಲ್ಲ. ಆದರೆ ಕಾರ್ಗಿಲ್ ಯುದ್ಧದ ಆ ದಿನಗಳನ್ನು ನೆನೆದರೆ ನನಗೆ ಇವತ್ತಿಗೂ ಮೊದಲು ಭಯ, ನಗು ಬರುವುದು ಆಮೇಲೆ.

ಅಣ್ಣನ ಮಗ ಸೈನ್ಯದಲ್ಲಿದ್ದ. ಆಕಾಶದಲ್ಲಿ ಬರುವುದನ್ನು ಕೆಳಗಿನಿಂದ ಹೊಡೆಯುವ ತೋಪಿನ ದಳ ಅವನದು. ಯುದ್ಧ ಶುರುವಾದ ಮೇಲೆ ಅವನಿಂದ ಒಂದು ಕಾಗದವೂ ಬಂದಿರಲಿಲ್ಲ. ಊರ ತುಂಬ ಒಂದೇ ಚರ್ಚೆ: ಅವರು ಬಿಟ್ಟ ಮಿಸೈಲುಗಳನ್ನು ನಮ್ಮವರು ಆಕಾಶದಲ್ಲೇ ಹೊಡೆದರಂತೆ, ಇದು ನಿಜವೋ ಸುಳ್ಳೋ? ನಮ್ಮ ಮನೆಯವರಿಗೆ ಅದು ಚರ್ಚೆಯಾಗಿರಲಿಲ್ಲ. ನಿಜವಾದರೆ ಹುಡುಗ ಇದ್ದಾನೆ. ಸುಳ್ಳಾದರೆ ಏನು ಅಂತ ನಾವ್ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

೧. ಯಾವ ಊರಿಗೆ?

ಇಬ್ಬರು ಖಾಯಂ ಗಿರಾಕಿಗಳು. ಒಬ್ಬರು ನಮ್ಮೂರಿನ ರಿಟೈರ್ಡ್ ಮೇಷ್ಟ್ರು. ಇನ್ನೊಬ್ಬರು ದಾವಣಗೆರೆ ಎಸ್.ಎಸ್. ಬಡಾವಣೆಯ ಸಾಹುಕಾರ್ರು, ಹರಿಹರದಲ್ಲಿ ಅವರದೊಂದು ಬಟ್ಟೆ ಅಂಗಡಿ.

"ಮಿಸೈಲ್ ಬಂದ್ರೆ ಮೊದ್ಲು ದಾವಣಗೆರೆಗೇ," ಅಂದರು ಸಾಹುಕಾರ್ರು. "ದೊಡ್ಡ ಊರು. ಈಗ ಜಿಲ್ಲೆ ಬ್ಯಾರೆ ಆಗೈತೆ."

ಮೇಷ್ಟ್ರಿಗೆ ಅವಮಾನವಾಯಿತು. "ನಿಮ್ಮೂರಾಗೆ ಏನೈತ್ರಿ ಹೊಡೆಯಾಕೆ? ಮಿಲ್ಲುಗಳೆಲ್ಲ ಮುಚ್ಕೊಂಡು ಕುಂತಾವೆ. ದೊಡ್ಡ ಕಾರ್ಖಾನೆ ನಮ್ಮಲ್ಲೈತೆ. ಹೊಳೆ ಸೇತುವೆ ನಮ್ಮಲ್ಲೈತೆ. ತಿಳಿದೋರು ಹರಿಹರಕ್ಕೇ ಬಿಡ್ತಾರೆ."

ಅರ್ಧ ಗಂಟೆ ಇಬ್ಬರೂ ಸಾವನ್ನು ತಮ್ಮ ತಮ್ಮ ಊರಿಗೆ ಎಳೆದಾಡಿದರು. ಪಕ್ಕದ ಅಂಗಡಿಯ ದರ್ಜಿ ಚಾಚಾ ಕೇಳಿ ಕೇಳಿ ಸಾಕಾಗಿ, "ಜಗಳ ಯಾಕ್ರಿ, ಎರಡೂರಿನ ನಡುವೆ ಬೀಳ್ಲಿ ಬಿಡ್ರಿ," ಅಂದರು.

ಸಾಹುಕಾರ್ರು ಗಾಬರಿಯಾದರು. "ಅಲ್ಲಿ ಬ್ಯಾಡ ಮಾರಾಯ, ಅಲ್ಲಿ ನಂದೊಂದು ಸೈಟೈತೆ. ಹರಿಹರಕ್ಕೇ ಬೀಳ್ಲಿ."

೨. ಮೇಷ್ಟ್ರ ವಿಜ್ಞಾನ

ಮೇಷ್ಟ್ರು ಪಾಠ ಮಾಡಿದ್ದು ವಿಜ್ಞಾನ. ಒಂದು ಬೆಳಗ್ಗೆ ಅಣ್ಣನ ಕುರ್ಚಿಯಲ್ಲಿ ಕತ್ತು ಮೇಲೆತ್ತಿ ಕೂತು ಹೇಳಿದರು: "ಹತ್ತು ಬಿಟ್ರಂತೆ, ಎಂಟು ಹೊಡೆದ್ರಂತೆ. ಎಲ್ಲಾ ಬುರುಡೆ. ಹಾರೋ ಗುಂಡಿಗೆ ಗುಂಡು ಹೊಡೆಯಾಕೆ ಆಗ್ತೈತೇನು? ಒಂದೂ ಹೊಡೆದಿರಂಗಿಲ್ಲ ಇವ್ರು."

ಅಣ್ಣನ ಕೈ ನಿಂತುಬಿಟ್ಟಿತು. ಸಿಟ್ಟಿಗಲ್ಲ, ಪಾಪ, ಭಯಕ್ಕೆ. ಆದರೆ ಕತ್ತಿ ನಿಂತಿದ್ದು ಮೇಷ್ಟ್ರ ಗಂಟಲಿನ ಮೇಲೆ. ಕನ್ನಡಿಯಲ್ಲಿ ಅಣ್ಣನ ಮುಖ ನೋಡಿದಾಗ ಅವರಿಗೆ ಇವನ ಮಗ ಎಲ್ಲಿದ್ದಾನೆ ಅನ್ನುವುದು ನೆನಪಾಯಿತು. ತುಟಿಯನ್ನಷ್ಟೇ ಅಲ್ಲಾಡಿಸಿ, "ಹಂಗೆ ನೋಡಿದ್ರೆ... ಎಂಟು ಕಡಿಮೆ ಆತು. ಹತ್ತಕ್ಕೆ ಹತ್ತೂ ಹೊಡೆದಿರಬೇಕು," ಅಂದರು. ಕತ್ತಿ ಮುಂದೆ ಸರಿಯಿತು.

ಮುಂದಿನ ಸಲ ಬಂದವರು ನೇರ ನನ್ನ ಕುರ್ಚಿಗೆ ಬಂದು, ಕೂರುವ ಮೊದಲೇ ವಿಚಾರಿಸಿದರು. "ನಿನ್ನ ಮಗ ಏನ್ ಮಾಡ್ತಾನಪ್ಪ?"

"ಏಳನೇ ಕ್ಲಾಸು, ಸರ್."

"ಹಂಗಾದ್ರೆ ಮಾಡು," ಅಂತ ಕೂತು ಕಣ್ಣು ಮುಚ್ಚಿದರು.

೩. ಅತ್ತಿಗೆಯ ಪ್ರಶ್ನೆ

ಅತ್ತಿಗೆ ಮಧ್ಯಾಹ್ನ ಬುತ್ತಿ ತರುತ್ತಿದ್ದರು. ತಾವು ಮಾತ್ರ ಸರಿಯಾಗಿ ಉಣ್ಣುವುದನ್ನು ಬಿಟ್ಟು ತಿಂಗಳಾಗಿತ್ತು. ಒಂದು ದಿನ ಬಾಗಿಲಲ್ಲಿ ನಿಂತು ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡು, ಮೆಲ್ಲಗೆ ಕೇಳಿದರು: "ಹತ್ತರಾಗೆ ಎಂಟು ಹೊಡೆದ್ರು ಅಂತೀರಲ್ಲ, ಉಳಿದೆರಡು ಎಲ್ಲಿ ಬಿದ್ವು?"

ಅಷ್ಟು ದಿನ ಅಷ್ಟು ಜನ ವಾದ ಮಾಡಿದ್ದರು, ಇದನ್ನು ಒಬ್ಬರೂ ಕೇಳಿರಲಿಲ್ಲ. ಅಷ್ಟರಲ್ಲಿ ಚಾಚಾನ ಅಂಗಡಿಯ ರೇಡಿಯೋದಲ್ಲಿ ವಾರ್ತೆ ಶುರುವಾಯಿತು. ಚಾಚಾ ಓಡಿಹೋಗಿ ಪಟ್ಟನೆ ಅದನ್ನು ಆರಿಸಿದರು.

"ಯಾಕ ಚಾಚಾ, ಆರಿಸಿದ್ರಿ?" ಅಂದರು ಅತ್ತಿಗೆ.

"ಸೆಲ್ಲು ಮುಗಿದೋದ್ವು ಬೇಟಿ. ಯುದ್ಧ ಮುಗಿಯೋತನಕ ಸಿಗಂಗಿಲ್ಲಂತೆ."

ಆ ರೇಡಿಯೋ ನಡೆಯುತ್ತಿದ್ದದ್ದು ಕರೆಂಟಿನಲ್ಲಿ.

೪. ಸೈರನ್

ಒಂದು ಮಧ್ಯಾಹ್ನ ಮೂರಕ್ಕೆ, ಶಿಫ್ಟಿನ ಹೊತ್ತಲ್ಲದ ಹೊತ್ತಿನಲ್ಲಿ, ಕಾರ್ಖಾನೆಯ ಸೈರನ್ ಕೂಗಿತು. ನಿಲ್ಲಲೇ ಇಲ್ಲ. ನನ್ನ ಕುರ್ಚಿಯಲ್ಲಿದ್ದ ಸಾಹುಕಾರ್ರು ಒಂದು ಕೆನ್ನೆ ಬೋಳು, ಇನ್ನೊಂದರಲ್ಲಿ ವಾರದ ಗಡ್ಡ, ಅದರ ಮೇಲೆ ನೊರೆ, ಕೊರಳಲ್ಲಿ ನಮ್ಮ ಬಟ್ಟೆ, ಹಾಗೇ ಓಡಿಹೋಗಿ ದಾವಣಗೆರೆ ಬಸ್ಸು ಹತ್ತಿದರು. ಅಣ್ಣ ಮಾತ್ರ ಬೀದಿಯ ನಡುವೆ ನಿಂತು ಆಕಾಶ ನೋಡುತ್ತಿದ್ದ. ಮಗ ದಿನಾ ಇದನ್ನೇ ನೋಡುತ್ತಾನಲ್ಲ ಅಂತ ಇರಬೇಕು. ನಾನು ಕೈ ಹಿಡಿದು ಒಳಗೆ ಕರೆತಂದೆ.

ಹತ್ತು ನಿಮಿಷಕ್ಕೆ ಸೈರನ್ ನಿಂತಿತು. ಏನೂ ಬೀಳಲಿಲ್ಲ. ಹೊರಗೆ ಆಗಲೇ ಕಣ್ಣಾರೆ ಕಂಡವರು ಸೇರಿದ್ದರು.

"ಸೇತುವೆ ಮ್ಯಾಲೆ ಬಂತು, ನಮ್ಮೋರು ಹೊಡೆದ್ರು."

"ಮತ್ತೆ ಸದ್ದು ಯಾಕ ಬರ್ಲಿಲ್ಲ?"

"ಅಷ್ಟು ಮ್ಯಾಲೆ ಹೊಡೆದ್ರು. ಬಿದ್ದಿಲ್ಲ ಅಂದ್ಮ್ಯಾಲೆ ಹೊಡೆದಂಗೇ ಅಲ್ವೇನ್ರಿ?"

ಕಾರ್ಖಾನೆಯವನೊಬ್ಬ ಸೈಕಲ್ಲಿನಲ್ಲಿ ಬಂದು, ಸೈರನ್ ರಿಪೇರಿ ಮಾಡುವಾಗ ಸ್ವಿಚ್ಚು ಸಿಕ್ಕಿಹಾಕಿಕೊಂಡಿತ್ತು ಅಂದ. ಅವನನ್ನು ಯಾರೂ ನಂಬಲಿಲ್ಲ.

ಮರುದಿನ ಸಾಹುಕಾರ್ರು ಉಳಿದ ಕೆನ್ನೆ ಮಾಡಿಸಲು ಬಂದು ದಾವಣಗೆರೆಯ ಸುದ್ದಿ ಹೇಳಿದರು. ಅಲ್ಲೂ ಹರಿಹರಕ್ಕೆ ಮಿಸೈಲ್ ಬಿತ್ತೋ ಇಲ್ಲವೋ ಅಂತ ಬಸ್ ಸ್ಟ್ಯಾಂಡಿನಲ್ಲಿ ಜೋರು ವಾದ ನಡೆದಿತ್ತಂತೆ. ಇವರು ಆ ಅರ್ಧ ಗಡ್ಡದಲ್ಲಿ ಬಸ್ಸಿನಿಂದ ಇಳಿದ ಮೇಲೆ, ಬಿದ್ದಿದ್ದು ಖಾತ್ರಿ ಅಂತ ಎಲ್ಲರೂ ಒಪ್ಪಿಕೊಂಡರಂತೆ.

೫. ಕಾಗದ

ಕೊನೆಗೊಂದು ದಿನ ಪೋಸ್ಟ್‌ಮ್ಯಾನ್ ಅಂಗಡಿಗೇ ಬಂದು ಕಾಗದ ಕೊಟ್ಟ. ಅಣ್ಣ ಅದನ್ನು ಮುಟ್ಟಲಿಲ್ಲ. "ನೀನೇ ಓದೋ. ಕೆಟ್ಟದ್ದಿದ್ರೆ ಓದಬ್ಯಾಡ, ಸುಮ್ನೆ ಮಡಚಿಡು," ಅಂದ. ಮೇಷ್ಟ್ರು, ಚಾಚಾ, ಸಾಹುಕಾರ್ರು ಎಲ್ಲ ಎದ್ದು ನಿಂತರು. ಒಡೆಯುವ ಅವಸರಕ್ಕೆ ಕಾಗದದ ಒಂದು ಮೂಲೆ ಹರಿಯಿತು.

"ಅಪ್ಪಾ, ನಾನು ಆರಾಮಾಗಿದೀನಿ."

ಅಷ್ಟಕ್ಕೇ ಅಣ್ಣ ಗಿರಾಕಿಯ ಕುರ್ಚಿಯಲ್ಲಿ ಕುಸಿದು ಕೂತು, ಕನ್ನಡಿಯ ಮುಂದೆ ಮಗುವಿನ ಹಾಗೆ ಅತ್ತ. ಅತ್ತಿಗೆಗೆ ಹೇಳಲು ಚಾಚಾ ಚಪ್ಪಲಿಯನ್ನೂ ಮೆಟ್ಟದೆ ಮನೆ ಕಡೆ ಓಡಿದರು. ಸ್ವಲ್ಪ ತಡೆದು ಮೇಷ್ಟ್ರು, "ಎಷ್ಟು ಹೊಡೆದ್ರಂತೆ, ಅದನ್ನೋದು," ಅಂದರು. ಇಡೀ ಊರಿನ ವಾದ ತೀರ್ಮಾನವಾಗುವ ಹೊತ್ತು ಅದು. ನಾನು ಮುಂದಕ್ಕೆ ಓದಿದೆ.

"ಇಲ್ಲಿ ನಾವು ತೋಪಿನ ಹತ್ರ ಕೂತು ಆಕಾಶ ನೋಡೋದೇ ಕೆಲಸ. ಇಲ್ಲಿತನಕ ಹದ್ದು ಬಿಟ್ಟು ಏನೂ ಬಂದಿಲ್ಲ. ಆದ್ರೆ ನಮ್ಮೋರು ಎಷ್ಟೋ ಹೊಡೆದ್ರು ಅಂತ ಒಬ್ಬೊಬ್ರು ಒಂದೊಂದು ಹೇಳ್ತಾರೆ. ನಮಗೆ ಪೇಪರೂ ಸಿಗಂಗಿಲ್ಲ, ರೇಡಿಯೋನೂ ಕೆಟ್ಟೈತೆ. ನಿಮ್ಮ ಅಂಗಡಿಗಾದ್ರೆ ತಿಳಿದೋರು ಬರ್ತಾರೆ. ನಾವು ಎಷ್ಟು ಹೊಡೆದಿದೀವಿ ಅಂತ ಅವರನ್ನ ಕೇಳಿ, ಬೇಗ ಕಾಗದ ಬರಿ. ನಮ್ಮ ಸಾಹೇಬ್ರೂ ಕೇಳ್ತಾ ಇದಾರೆ."